ಲಿಂಬೆಹಣ್ಣು ಒಗೆಯುವವನ ತೋಳು

ಆಗ ನನಗೆ ಹತ್ತೊಂಬತ್ತು ವರ್ಷ. ಅದಕ್ಕೆ ಈಗ ಅರವತ್ತು ವರ್ಷದ ಮೇಲಾಯಿತು. ಇಷ್ಟು ದಿನ ಆತನ ಬಗ್ಗೆ ಬರೆಯಬೇಕೆಂದು ಅನಿಸಿರಲಿಲ್ಲ. ಬರೆಯುವುದು ನನ್ನ ಕೆಲಸವೂ ಅಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೆ ಈ ಸಲದ ನಾಗರಪಂಚಮಿಗೆ ನಮ್ಮ ಬೆಟಗೇರಿಯ ಓಣಿಯಲ್ಲಿ ಗಂಡಸರು ಲಿಂಬೆಹಣ್ಣು ಒಗೆಯುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿದೆ. ಒಬ್ಬನಿಗೂ ಒಗೆಯಲು ಬರುವುದಿಲ್ಲ. ಹಣ್ಣನ್ನು ಹಿಚುಕಿ ನೋಡದೆ ಆರಿಸುತ್ತಾರೆ, ಸೊಂಟ ತಿರುಗಿಸದೆ ಒಗೆಯುತ್ತಾರೆ, ಬಿದ್ದ ಮೇಲೆ ಜಗಳಾಡುತ್ತಾರೆ.

"ಆಯೀ, ನಿಮ್ಮ ಕಾಲದಾಗ ಹೆಂಗ ಒಗೀತಿದ್ರು?" ಎಂದು ಒಬ್ಬ ಕೇಳಿದ.

"ಹಿಂಗಂತೂ ಒಗೀತಿರಲಿಲ್ಲ" ಎಂದೆ. ಅಷ್ಟಕ್ಕೇ ಬಿಟ್ಟು ಒಳಗೆ ಹೋಗಿ ಮಲಗಬಹುದಿತ್ತು. ಆಗಲಿಲ್ಲ. ಅಂದಿನಿಂದ ಕೈ ಚಡಪಡಿಸುತ್ತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಂಚಮಿಗೆ ನಮ್ಮ ಕಡೆ ಹೆಂಗಸರು ಜೋಕಾಲಿ ಆಡುತ್ತಾರೆ, ಗಂಡಸರು ಶರ್ತು ಕಟ್ಟುತ್ತಾರೆ. ಲಿಂಬೆಹಣ್ಣಿನ ಶರ್ತು ಅದರಲ್ಲಿ ದೊಡ್ಡದು. ಈ ಊರಿನ ಅಗಸಿಬಾಗಿಲಿನಿಂದ ಆ ಊರಿನ ಹನುಮಪ್ಪನ ಗುಡಿಯವರೆಗೆ ಇಂತಿಷ್ಟೇ ಏಟಿನಲ್ಲಿ ಹಣ್ಣನ್ನು ಎಸೆದು ಮುಟ್ಟಿಸಬೇಕು. ಒಗೆದ ಹಣ್ಣು ಎಲ್ಲಿ ಬಿತ್ತೋ ಅಲ್ಲಿಗೆ ನಡೆದು ಹೋಗಿ, ಅಲ್ಲಿಯೇ ನಿಂತು ಮತ್ತೆ ಒಗೆಯಬೇಕು. ಹಣ್ಣು ಒಡೆದರೆ ಸೋತಂತೆ. ಮಾತಾದ ಏಟು ಮುಗಿದರೂ ಗುಡಿ ಮುಟ್ಟದಿದ್ದರೆ ಸೋತಂತೆ. ಉಳಿದವರಿಗೆ ಇದು ಹಬ್ಬದ ಆಟ. ಆತ ಮಾತ್ರ ಇದರಲ್ಲೇ ಉಂಡ, ಇದರಲ್ಲೇ ಉಟ್ಟ. ನಮ್ಮ ಸೀಮೆಯಲ್ಲಿ ಒಗೆಯುವುದಕ್ಕೆಂದು ಸಂಬಳ ತೆಗೆದುಕೊಂಡ ಮೊದಲ ಮನುಷ್ಯ ಅವನೇ ಎಂದು ನನ್ನ ಮಾವ ಹೇಳುತ್ತಿದ್ದ. ಆತನ ಹೆಸರು ಬರೆಯುವುದಿಲ್ಲ. ಮಗಳು ಇದ್ದಾಳೆ, ಆಕೆಗೆ ಬೇಡವಂತೆ.

ಡೋಣಿ ಎಂಬ ಊರಿನವನು ಆತ. ಕಪ್ಪತಗುಡ್ಡದ ಸೆರಗಿನಲ್ಲಿ ಆಡು ಕಾಯುತ್ತ ಬೆಳೆದವನು. ಆಡು ದಾರಿ ಬಿಟ್ಟರೆ ಉಳಿದವರು ಓಡಿಹೋಗಿ ಅಡ್ಡಗಟ್ಟುತ್ತಿದ್ದರು. ಈತ ಕುಳಿತಲ್ಲಿಂದಲೇ ಕಲ್ಲು ಒಗೆದು ಮುಂದಿನ ಆಡಿನ ಕೋಡಿಗೆ ತಾಗಿಸಿ ತಿರುಗಿಸುತ್ತಿದ್ದನಂತೆ. ಗದಗಿನ ಹತ್ತಿ ದಲಾಲನೊಬ್ಬ ಚಕ್ಕಡಿಯಲ್ಲಿ ಹೊರಟವನು ಇದನ್ನು ಕಂಡ. ಇಳಿದು ಬಂದು, ತನ್ನ ಬುತ್ತಿಯಲ್ಲಿದ್ದ ಲಿಂಬೆಹಣ್ಣು ಕೊಟ್ಟು, "ಇದನ್ನೊಂದು ಒಗಿ, ನೋಡೂನು" ಎಂದ. ಆತ ಒಗೆದ. ದಲಾಲ ಹಣ್ಣು ಬಿದ್ದಲ್ಲಿಗೆ ನಡೆದು ಹೋಗಿ ಬರುವಷ್ಟರಲ್ಲಿ ಬೆವೆತುಬಿಟ್ಟ. ಆಡುಗಳನ್ನು ತಮ್ಮನ ಕೈಗೆ ಒಪ್ಪಿಸಿ ಅದೇ ಚಕ್ಕಡಿಯಲ್ಲಿ ಆತ ಗದಗಿಗೆ ಬಂದ. ಆಗಲೇ ಮದುವೆಯಾಗಿತ್ತು, ಒಂದು ಹೆಣ್ಣುಕೂಸೂ ಇತ್ತು. ಹೆಂಡತಿಯನ್ನು ಕೇಳಿದನೋ ಇಲ್ಲವೋ ಗೊತ್ತಿಲ್ಲ. ಕೇಳಿರಲಿಕ್ಕಿಲ್ಲ. ಆಕೆ ತವರಿಗೆ ಹೋದಳು, ತಿರುಗಿ ಬರಲಿಲ್ಲ. ಒಳ್ಳೆಯ ಗಂಡ ಅಲ್ಲ ಆತ. ಸತ್ತವನೆಂದು ಸುಳ್ಳು ಬರೆಯುವುದಿಲ್ಲ.

ನನ್ನ ಅತ್ತೆಯ ಖಾನಾವಳಿ ಗದಗಿನಲ್ಲಿ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನಾನು ಮದುವೆಯಾಗಿ ಬಂದಾಗ ಆತ ಆಗಲೇ ಅಲ್ಲಿ ಉಣ್ಣುತ್ತಿದ್ದ. ಮುಂಜಾನೆಯಿಂದ ರೊಟ್ಟಿ ಬಡಿಯುವುದು ನನ್ನ ಪಾಲು. ಉಣ್ಣಲು ಬಂದವರೆಲ್ಲ ತಾಟಿನ ಮುಂದೆ ಸುಮ್ಮನೆ ಕುಳಿತರೆ ಈತ ಕುಳಿತಲ್ಲಿ ಕುಳಿತಿರುತ್ತಿರಲಿಲ್ಲ. ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಎತ್ತಿಕೊಂಡು ಒಂದು ಕೈಯಿಂದ ಇನ್ನೊಂದು ಕೈಗೆ, ಅದರಿಂದ ಮತ್ತೆ ಮೊದಲಿನದಕ್ಕೆ ಹಾರಿಸುತ್ತಲೇ ಇರುತ್ತಿದ್ದ.

"ಅಣ್ಣಾ, ಉಳ್ಳಾಗಡ್ಡಿ ತಿನ್ನಾಕ ಐತಿ, ಆಡಾಕಲ್ಲ" ಎಂದು ಒಲೆಯ ಹತ್ತಿರದಿಂದ ಕೂಗುತ್ತಿದ್ದೆ.

"ಕೈ ಸುಮ್ನ ಇದ್ರ ತುಕ್ಕು ಹಿಡೀತೈತಿ ತಂಗಿ" ಎನ್ನುತ್ತಿದ್ದ. ಆಮೇಲೆ ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಬಲಗೈ ಮುಷ್ಟಿಯಿಂದ ಒಂದೇ ಗುದ್ದು. ಅದು ಹೂವಿನ ಹಾಗೆ ಬಿರಿದುಕೊಳ್ಳುತ್ತಿತ್ತು. ಉಣ್ಣುವುದು ಬಿಟ್ಟರೆ ಆ ಬಲಗೈಗೆ ಆತ ಕೊಡುತ್ತಿದ್ದ ಕೆಲಸ ಎರಡೇ: ಹಣ್ಣು ಒಗೆಯುವುದು, ಉಳ್ಳಾಗಡ್ಡಿ ಗುದ್ದುವುದು. ನೀರಿನ ಕೊಡ ಎತ್ತುವುದು, ಬಾಗಿಲು ತಳ್ಳುವುದು, ಎಲ್ಲ ಎಡಗೈ. ಬಿಸಿಲಲ್ಲೂ ಬಲದೋಳಿಗೆ ಕಂಬಳಿಯ ತುಂಡು ಸುತ್ತಿರುತ್ತಿದ್ದ. ಕುಸುಬೆ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದ. ಒಮ್ಮೆ ಪೇಟೆಯಲ್ಲಿ ಯಾವನೋ ಹಮಾಲ ಕುಡಿದು ಬಂದು ಕೆನ್ನೆಗೆ ಬಾರಿಸಿದಾಗ ಕೂಡ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಿಂದಲೇ ಹೊಡೆದಾಡಿದ. ಚೆನ್ನಾಗಿ ಪೆಟ್ಟು ತಿಂದ. ನೋಡಿದವರೆಲ್ಲ ನಕ್ಕರು. ಅದು ಆತನಿಗೆ ಬಹಳ ಬಾಧಿಸಿತು. ಪೆಟ್ಟು ಬಿದ್ದಿದ್ದಕ್ಕಲ್ಲ, ನಕ್ಕಿದ್ದಕ್ಕೆ. ಹಲವು ದಿನ ಪೇಟೆಯ ದಾರಿ ಬಿಟ್ಟು ಸುತ್ತುಹಾಕಿ ಉಣ್ಣಲು ಬರುತ್ತಿದ್ದ. ಅಷ್ಟು ಠೀವಿಯ ಮನುಷ್ಯ. ತಲೆಗೆ ಕೆಂಪು ಪಟಗ, ಅಂಚಿನ ಧೋತರ, ಎಣ್ಣೆ ಹಚ್ಚಿದ ಮೀಸೆ. ನಮ್ಮ ಹಿತ್ತಾಳೆ ಕೊಡದಲ್ಲಿ ಮುಖ ನೋಡಿಕೊಂಡು ಹೊರಗೆ ಹೋಗುತ್ತಿದ್ದ.

ಹಣ್ಣಿನ ವಿಷಯಕ್ಕೆ ಬಂದರೆ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚಿನ ತಕರಾರು. ಸಣ್ಣದಿರಬೇಕು, ಹಸಿರಿರಬೇಕು, ಸಿಪ್ಪೆ ದಪ್ಪ ಇರಬೇಕು. ಆರಿಸಿದವನ್ನು ಉಪ್ಪುನೀರಿನ ಗಡಿಗೆಯಲ್ಲಿ ಹಾಕಿ ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಇಡುತ್ತಿದ್ದ, ಸಿಪ್ಪೆ ಬಿಗಿಯಾಗಲಿ ಎಂದು. ಒಂದು ಸಲ ನನ್ನ ಅತ್ತೆ, ಉಪ್ಪಿನಕಾಯಿಗೆ ಸೊಸೆ ಹಾಕಿಟ್ಟಿದ್ದಾಳೆಂದು ತಿಳಿದು, ಎಲ್ಲವನ್ನೂ ಹೆಚ್ಚಿ ಖಾರ ಕಲಸಿಬಿಟ್ಟಳು.

"ಯವ್ವಾ, ಶಿರಹಟ್ಟಿ ಶರ್ತನ್ನ ಹೆಚ್ಚಿ ಹಾಕಿಬಿಟ್ಟಿಯಲ್ಲಬೇ!" ಎಂದು ತಲೆಯ ಮೇಲೆ ಕೈಹೊತ್ತು ನಿಂತ.

"ಹೆಚ್ಚಿದ್ರ ಏನಾತು? ತಾಟಿಗೆ ಹಾಕ್ತೀನಿ, ಉಣ್ಣು" ಎಂದಳು ಅತ್ತೆ.

ಉಂಡ. ಬೆರಳು ನೆಕ್ಕಿಕೊಂಡು, "ಸಿಪ್ಪಿ ಮಾತ್ರ ಭಾಳ ಚಲೋ ಇತ್ತು. ಗುಡಿ ದಾಟಿ ಹೋಗತಿತ್ತು" ಎಂದು ನಿಟ್ಟುಸಿರುಬಿಟ್ಟ.

ಒಂದೇ ಕಡೆ ಇರುವ ಜೀವ ಅಲ್ಲ. ಗದಗಿನ ದಲಾಲನ ಅನ್ನ ಉಂಡು, ಲಕ್ಷ್ಮೇಶ್ವರದವರು ಬೆಳ್ಳಿಯ ಕಡಗ ಕೊಡುತ್ತೇವೆಂದರೆ ಅಲ್ಲಿಗೆ ಹೋದ. ಶಿರಹಟ್ಟಿಯವರು ಕರೆದರೆ ಅಲ್ಲಿಗೆ. ಬೆಳ್ಳಟ್ಟಿಯಲ್ಲಿ ಒಂದು ಸುಗ್ಗಿ. ಮತ್ತೆ ಗದಗ. ಹೋದ ಊರಿನ ಪರವಾಗಿ ಒಗೆಯುತ್ತಿದ್ದ, ಬಿಟ್ಟ ಊರಿನ ಬೈಗುಳ ತಿನ್ನುತ್ತಿದ್ದ. "ನಿನಗ ನಿಯತ್ತಿಲ್ಲೇನಲೇ?" ಎಂದು ದಲಾಲ ಕೇಳಿದರೆ, "ನಿಯತ್ತೆಲ್ಲಾ ಹಣ್ಣಿನ ಮ್ಯಾಲ ಇಟ್ಟೀನ್ರಿ" ಎನ್ನುತ್ತಿದ್ದ. ಅದು ಮಾತ್ರ ಖರೆ. ಒಂದು ಶರ್ತಿನಲ್ಲಿ ಹಣ್ಣು ಗಾಳಿಗೆ ಸರಿದು ಮಾಗಡಿ ಕೆರೆಯೊಳಗೆ ಬಿತ್ತಂತೆ. ಚಳಿಗಾಲ. ಕೆರೆಯ ತುಂಬ ಪರದೇಶದ ಹಕ್ಕಿಗಳು. ಎದುರು ಪಾರ್ಟಿಯವರೇ ಕನಿಕರಪಟ್ಟು, ಹಣ್ಣು ತೆಗೆದುಕೊಂಡು ದಂಡೆಯ ಮೇಲೆ ನಿಂತು ಒಗಿ ಎಂದರು. ಈತ ಪಟಗ ಬಿಚ್ಚಿ ದಂಡೆಯ ಮೇಲಿಟ್ಟು, ಕುತ್ತಿಗೆಯವರೆಗೆ ನೀರಿಗೆ ಇಳಿದು, ಹಣ್ಣು ಬಿದ್ದಲ್ಲಿಯೇ ನಿಂತು, ಅಲ್ಲಿಂದಲೇ ಒಗೆದ. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವಂತೆ. ಶರ್ತು ಸೋತ. ಉಣ್ಣಲು ಬಂದಾಗ ಇನ್ನೂ ನಡುಗುತ್ತಿದ್ದ.

"ದಂಡಿಗೆ ನಿಂತಿದ್ರ ಏನಾಗತಿತ್ತೋ ನಿನಗ?" ಎಂದು ಬೈದೆ.

"ಒಗದ ಮ್ಯಾಲ ಬಿದ್ದಲ್ಲಿ ಹೋಗಿ ನಿಂದರಬೇಕು ತಂಗಿ. ಇಲ್ಲಾಂದ್ರ ಒಗೀಬಾರದು" ಎಂದ. ಆತ ಆಡಿದ ದೊಡ್ಡ ಮಾತು ಅದೊಂದೇ. ಉಳಿದಿದ್ದೆಲ್ಲ ಜಂಬ.

ಆಗಿನ ಗಡಿಗಳ ಮಾತನ್ನೂ ಹೇಳಬೇಕು. ಗದಗ ಖಾಲ್ಸಾ, ಅಂದರೆ ಇಂಗ್ಲಿಷರದು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜಿನದು. ಮುಂಡರಗಿ ದಾಟಿ ಹೋದರೆ ನಿಜಾಮನ ಸೀಮೆ. ಚಕ್ಕಡಿಯಲ್ಲಿ ಕುಳಿತು ಮುಂಜಾನೆ ಹೊರಟರೆ ಸಂಜೆಯೊಳಗೆ ಬೇರೆ ಬೇರೆ ರಾಜರ ಧೂಳು ಮೈಮೇಲೆ ಬೀಳುತ್ತಿತ್ತು. ಶರ್ತು ಕಟ್ಟುವುದಕ್ಕೆ ಫೌಜದಾರನ ಕಾಟ ಇತ್ತಲ್ಲ, ಅದಕ್ಕೆ ದಲಾಲರು ಯಾವಾಗಲೂ ಗಡಿಗಲ್ಲಿನ ಹತ್ತಿರದ ಹೊಲವನ್ನೇ ಆರಿಸುತ್ತಿದ್ದರು. ಈ ಕಡೆಯ ಪೊಲೀಸರು ಬಂದರೆ ಎಲ್ಲರೂ ಕಲ್ಲು ದಾಟಿ ಆ ಕಡೆ ನಿಲ್ಲುವುದು. ಆ ಕಡೆಯವರು ಬಂದರೆ ಈ ಕಡೆ. ಫೌಜದಾರ ಗಡಿಗಲ್ಲಿನ ಮೇಲೆ ಕಾಲಿಟ್ಟು ಮೀಸೆ ಕಡಿಯುತ್ತಿದ್ದ, ಇವರು ಅವನೆದುರಿಗೇ ಚುರುಮುರಿ ತಿನ್ನುತ್ತ ಕುಳಿತಿರುತ್ತಿದ್ದರು.

ಸ್ವಾತಂತ್ರ್ಯ ಬಂತು. ಮರುವರ್ಷವೇ ಸಂಸ್ಥಾನಗಳು ಕರಗಿದವು. ಪೇಟೆಯಲ್ಲಿ ಪೇಢೆ ಹಂಚಿದರು. ಈತ ಪೇಢೆಯನ್ನು ಕೈಯಿಂದ ಕೈಗೆ ಹಾರಿಸುತ್ತ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ.

"ಯಾಕಣ್ಣಾ, ತಿನ್ನವಲ್ಲಿ?"

"ಎಲ್ಲಾ ಒಂದಾತಂತಲ್ಲ ತಂಗಿ. ಚಲೋ ಆತು. ಆದ್ರ ಫೌಜದಾರನೂ ಒಬ್ಬನ ಆದ. ಇನ್ನ ನಾ ಎಲ್ಲಿಗೆ ಜಿಗೀಲಿ?"

ನಾವೆಲ್ಲ ನಕ್ಕೆವು. ಆತ ಸುಳ್ಳೇನೂ ಹೇಳಿರಲಿಲ್ಲ. ಗಡಿ ಹೋದ ಮೇಲೆ ದಲಾಲರು ಹೆದರಿದರು, ಶರ್ತು ನಿಂತವು. ಇನ್ನೊಂದು ಸಂಗತಿಯನ್ನು ನಾನೊಬ್ಬಳೇ ನೋಡಿದ್ದೆ. ಉಣ್ಣುವಾಗ ಆತನ ಕೈ ಬಾಯಿಗೆ ಬರುತ್ತಿರಲಿಲ್ಲ. ಬಾಯಿ ಕೈಯ ಹತ್ತಿರ ಹೋಗುತ್ತಿತ್ತು. ತಲೆ ಬಗ್ಗಿಸಿ ತುತ್ತು ತೆಗೆದುಕೊಳ್ಳುತ್ತಿದ್ದ. ಉಳ್ಳಾಗಡ್ಡಿಗೆ ಎರಡು ಗುದ್ದು ಬೇಕಾಗುತ್ತಿತ್ತು.

"ಭುಜ ಹೋಗೈತಲ್ಲ?" ಎಂದು ಕೇಳಿದೆ.

"ಸುಮ್ನಿರ" ಎಂದ. ಆ ಧ್ವನಿಯಲ್ಲಿ ಆತ ನನ್ನೊಡನೆ ಎಂದೂ ಮಾತಾಡಿರಲಿಲ್ಲ.

ಆಗ ಉಳಿದಿದ್ದ ಗಡಿ ಒಂದೇ, ನಿಜಾಮನದು. ಆತ ಮುಂಡರಗಿಗೆ ಹೋದ. ನಾನೂ ಅಲ್ಲಿಗೇ ಹೋಗುವ ಹಾಗಾಯಿತು. ನಿಜಾಮನ ಕಡೆಯ ರಜಾಕಾರರ ಗದ್ದಲ ಎದ್ದಿತ್ತು. ಅವರ ವಿರುದ್ಧ ಹೋರಾಡುವ ಗಡಿಯ ಹುಡುಗರ ಶಿಬಿರ ಮುಂಡರಗಿಯಲ್ಲಿತ್ತು. ನನ್ನ ಗಂಡ ಹೋಗಿ ಸೇರಿಕೊಂಡ. ಅತ್ತೆ ನನ್ನ ಗಂಟು ಕಟ್ಟಿ ಹೊರಗಿಟ್ಟು, "ಅಂವ ಎಲ್ಲಿ ಇರ್ತಾನೋ ಅಲ್ಲಿ ಹೋಗಿ ರೊಟ್ಟಿ ಬಡಿ, ಉಪವಾಸ ಸತ್ತಾನು" ಎಂದಳು. ದೇಶಕ್ಕಾಗಿ ಹೋದೆ ಎಂದು ಹೇಳಿಕೊಳ್ಳುವುದಿಲ್ಲ. ಹೋಗೆಂದರು, ಹೋದೆ. ಶಿಬಿರದ ಒಲೆ ನನ್ನ ಪಾಲಿಗೆ ಬಂತು. ಈತ ವಾಸನೆ ಹಿಡಿದು ಉಣ್ಣಲು ಅಲ್ಲಿಗೂ ಬಂದ.

ಹಳ್ಳದ ಆಚೆ ನಿಜಾಮನ ಸುಂಕದ ನಾಕಾ ಇತ್ತು. ಹುಲ್ಲು ಹೊದಿಸಿದ ಚಪ್ಪರ, ಅದರ ಹಿಂದೊಂದು ಕೋಣೆ. ಅಲ್ಲಿ ಇಮಾಮಸಾಬ ಎಂಬ ಮುದುಕ ಸಿಪಾಯಿ. ಶರ್ತು ಚಾಲೂ ಇದ್ದಾಗ ರಜೆ ಹಾಕಿ ನಮ್ಮ ಕಡೆ ಬಂದು ಸಾಕ್ಷಿಯಾಗಿ ನಿಲ್ಲುತ್ತಿದ್ದವನು. ಸಾಕ್ಷಿ ಎಂದರೆ ಹಣ್ಣು ಬಿದ್ದಲ್ಲಿ ಮೊದಲು ಓಡಿಹೋಗಿ, "ಇಲ್ಲೈತಿ!" ಎಂದು ಕೂಗಿ, ಕೋಲು ಊರಿ ನಿಲ್ಲುವವನು. ಒಗೆಯುವವನು ಬರುವವರೆಗೆ ಹಣ್ಣನ್ನು ಯಾರೂ ಸರಿಸದಂತೆ ಕಾಯಬೇಕು. ಯಾವ ದಲಾಲನ ಕಡೆಯವನೂ ಅಲ್ಲದ್ದರಿಂದ ಎರಡೂ ಪಾರ್ಟಿಗೆ ಇಮಾಮಸಾಬನೇ ಬೇಕು. ಪರದೇಶದ ನಾಕಾದವನೆಂದು ಯಾರೂ ಅನ್ನುತ್ತಿರಲಿಲ್ಲ.

ಆ ಆಷಾಢದಲ್ಲಿ ನಾಕಾಕ್ಕೆ ಹೊಸದಾಗಿ ಇಬ್ಬರು ಬಂದೂಕಿನವರು ಬಂದು ಕುಳಿತರು. ದಾಟಿ ಬರುವ ರೈತರ ಎತ್ತು ಬಿಚ್ಚಿಕೊಂಡರು, ಇಬ್ಬರನ್ನು ಹೊಡೆದು ಹಳ್ಳಕ್ಕೆ ಹಾಕಿದರು. ಶಿಬಿರದಲ್ಲಿ ನಾಕಾ ಹಾರಿಸಬೇಕೆಂದು ಮಾತಾಯಿತು. ಒಂದು ಕೈಬಾಂಬು ಇತ್ತು. ನಾಕಾದ ಸುತ್ತ ಬಯಲು. ಹತ್ತಿರ ಹೋದರೆ ಗುಂಡು. ದೂರದಿಂದಲೇ ಒಗೆಯಬೇಕು. ಎಲ್ಲರ ಕಣ್ಣೂ ಈತನ ತೋಳಿನ ಮೇಲೆ ಹೋಯಿತು. ನನ್ನ ಗಂಡನೇ ಕೇಳಿದ. ನಾನು ರೊಟ್ಟಿ ಬಡಿಯುತ್ತ ಅಲ್ಲೇ ಇದ್ದೆ.

"ಅಣ್ಣಾ, ಒಂದ ಏಟು. ನಿನಗೇನು, ಲಿಂಬಿಹಣ್ಣು ಒಗದಂಗ."

"ಒಗಿಯೂದಿಲ್ಲ."

"ಯಾಕ?"

"ಅದು ಬಿದ್ದಲ್ಲಿ ಹೋಗಿ ನಿಂದರಾಕ ಆಗತೈತೇನು ನನಗ?"

"ನಿನಗ್ಯಾರು ಹೋಗಂದ್ರು? ಒಗದು ಓಡಿ ಬಾ."

"ಅದ ಆಗೂದಿಲ್ಲ ಅಂದೆ. ಅಲ್ಲಿ ಇಮಾಮಸಾಬ ಅದಾನ. ಅಂವ ಹಣ್ಣು ಅಂತ ತಿಳಕೊಂಡು ಓಡಿ ಬಂದಾನು."

ಹುಡುಗರು ಸಿಟ್ಟಿಗೆದ್ದರು. ನಿಜಾಮನ ಉಪ್ಪು ತಿಂದವನೆಂದರು, ಹೇಡಿ ಎಂದರು, ಬಳೆ ತೊಡು ಎಂದರು. ನನ್ನ ಗಂಡ ಎದ್ದುನಿಂತು, "ಆತು ಬಿಡ್ರಿ. ನಾನ ಒಗೀತೀನಿ" ಎಂದ. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ನನ್ನ ಗಂಡ ಧೈರ್ಯದವನು. ಆದರೆ ಕೈ? ಬಾಗಿಲಿಗೆ ಬಂದ ನಾಯಿಗೆ ಕಲ್ಲು ಒಗೆದು ನನ್ನ ನೀರಿನ ಗಡಿಗೆ ಒಡೆದವನು. ಮಾವಿನಕಾಯಿಗೆ ಒಗೆದರೆ ಪಕ್ಕದ ಮನೆಯ ಹಂಚು. ಅಂಥವನ ಕೈಯಲ್ಲಿ ಬಾಂಬು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಈತ ಬೇವಿನ ಗಿಡದ ಕೆಳಗೆ ಕುಳಿತು ಬೆಣಚುಕಲ್ಲೊಂದನ್ನು ಎಡಗೈಯಲ್ಲಿ ಹಾರಿಸುತ್ತಿದ್ದ.

"ಅವನ ಕೈ ನಿನಗ ಗೊತ್ತೈತಿ" ಎಂದೆ. "ಅಂವ ಒಗದ್ರ ಅದು ಅವನ ಕಾಲಾಗ ಬೀಳತೈತಿ."

"ಹೂಂ."

"ಹೂಂ ಅಂದ್ರ? ನಾ ರಂಡಿ ಆಗ್ಲೇನು?"

"ನನಗ ಒಗಿ ಅಂತೀಯೇನು ನೀನೂ?"

"ನಾ ಏನೂ ಅನ್ನೂದಿಲ್ಲ. ಇಮಾಮಸಾಬ ಸಾಯೂದು ನನಗೂ ಬ್ಯಾಡ. ನನ್ನ ಗಂಡ ಸಾಯೂದೂ ಬ್ಯಾಡ. ಹೆಂಗ ಮಾಡ್ತಿ ನೀನ ನೋಡು. ಒಗಿಯೂದು ಬಿಟ್ಟು ಬ್ಯಾರೆ ಏನ್ ಕಲ್ತೀದಿ ನೀ ಈ ಜಲ್ಮದಾಗ?"

ಕಲ್ಲು ಹಾರಿಸುವುದು ನಿಂತಿತು. ಆಮೇಲೆ, "ಪಂಚಮಿ ಯಾವಾಗ ತಂಗಿ?" ಎಂದು ಕೇಳಿದ.

"ನಾಡದು."

"ಉಂಡಿ ಕಟ್ಟು. ಶೇಂಗಾದು, ಎಳ್ಳಿಂದು. ಒಂದು ಬುಟ್ಟಿ ತುಂಬ."

ಆತನ ಯೋಜನೆ ಇಷ್ಟೇ. ಪಂಚಮಿಯ ದಿನ ತಾನು ಹಾಡುಹಗಲೇ ನಾಕಾದ ಬಾಗಿಲಿಗೆ ಹೋಗಿ ಶರ್ತು ಕಟ್ಟುವುದು. ಬಾಗಿಲಿನಿಂದ ದಿನ್ನೆಯ ಮೇಲಿನ ಹನುಮಪ್ಪನ ಗುಡಿಯವರೆಗೆ. ನಾಕಾದವರೆಲ್ಲ ಹಿಂದೆ ಬರುತ್ತಾರೆ. ಲಿಂಬೆಹಣ್ಣು ಹಾರಿದರೆ ನಮ್ಮ ಸೀಮೆಯ ಗಂಡಸು ಮನೆಯಲ್ಲಿ ಕೂರುವುದಿಲ್ಲ, ಯಾವ ರಾಜನ ಸಿಪಾಯಿಯಾದರೂ ಅಷ್ಟೇ. ತಾನು ಒಗೆಯುವವರೆಗೆ ನಾಕಾ ಖಾಲಿ. ಅಷ್ಟರಲ್ಲಿ ಹುಡುಗರು ಹಳ್ಳದ ಕಡೆಯಿಂದ ನುಗ್ಗಿ ಬೆಂಕಿ ಹಚ್ಚಿ ಬರಲಿ. ಬಾಂಬು ಬೇಡ.

"ನೀ ಎಷ್ಟು ಹೊತ್ತು ಒಗಿಯಬಲ್ಲಿ?" ಎಂದು ನನ್ನ ಗಂಡ ಕೇಳಿದ.

"ನಿಮ್ಮ ಕೆಲಸ ಆಗೂತನಾ" ಎಂದ. ನಾನು ಆತನ ಭುಜ ನೋಡಿದೆ. ಆತ ನನ್ನ ಮುಖ ನೋಡಲಿಲ್ಲ.

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಹೆಂಗಸರ ಜೊತೆ ನಾನೂ ಹೊಲಕ್ಕೆ ಹೋದೆ. ಹುತ್ತದ ದಿನ್ನೆಯಿಂದ ಹಳ್ಳದಾಚೆ ಎಲ್ಲ ಕಾಣುತ್ತಿತ್ತು. ಅಷ್ಟು ವರ್ಷ ಆತನಿಗೆ ರೊಟ್ಟಿ ಹಾಕಿದ್ದೆ. ಒಗೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಶರ್ತಿನ ಹೊಲಕ್ಕೆ ಹೆಂಗಸರು ಹೋಗುವ ಹಾಗಿರಲಿಲ್ಲ.

ಆತ ಉಂಡಿಯ ಬುಟ್ಟಿ ಎಡಗಂಕುಳಲ್ಲಿ ಹೊತ್ತು, ಕೆಂಪು ಪಟಗ ಸುತ್ತಿ, ಮದುಮಗನ ಹಾಗೆ ನಡೆದು ಹೋದ. ದೂರದಿಂದಲೇ ಕೂಗಿದ: "ಇಮಾಮಸಾಬ ಕಾಕಾ! ಈ ವರ್ಷ ಹಣ್ಣು ಇಲ್ಲೇನು?"

"ಕಾಲ ಚಲೋ ಇಲ್ಲಲೇ ತಮ್ಮಾ, ಹೊಳ್ಳಿ ಹೋಗು" ಎಂದು ಮುದುಕ ಕೈ ಬೀಸಿದ.

"ಕಾಲ ಚಲೋ ಇಲ್ಲ, ಖರೆ. ಉಂಡಿ ಚಲೋ ಅದಾವ. ಗುಡಿ ಮುಟ್ಟದಿದ್ರ ಬುಟ್ಟಿ ನಿಮ್ಮದು."

ಬಂದೂಕಿನವರು ಹೊರಗೆ ಬಂದರು. ಬುಟ್ಟಿಯನ್ನು ಬಂದೂಕಿನ ತುದಿಯಿಂದ ಕೆದಕಿ ನೋಡಿದರು. ಏನೋ ಮಾತಾಯಿತು. ನಕ್ಕರು. ಆತ ಬಾಗಿಲ ಮುಂದೆ ಗೆರೆ ಎಳೆದು ನಿಂತ.

ಮೊದಲ ಏಟು. ಗುರಿಯ ಕಡೆ ನೋಡಲಿಲ್ಲ, ನೆಲ ನೋಡಿದ. ಪಕ್ಕಕ್ಕೆ ಎರಡು ಹೆಜ್ಜೆ ಹಾಕಿದ, ಸೊಂಟ ತಿರುಗಿತು, ತೋಳು ಎಲ್ಲಕ್ಕಿಂತ ಕೊನೆಗೆ ಬಂತು. ಹಣ್ಣು ಹೋದದ್ದು ನನಗೆ ಕಾಣಲೇ ಇಲ್ಲ. ಎಲ್ಲರ ತಲೆ ಮೇಲೆದ್ದು ಕೆಳಗಿಳಿದವು, ಅದರಿಂದ ತಿಳಿದೆ. "ಇಲ್ಲೈತಿ!" ಎಂದು ಇಮಾಮಸಾಬನ ಕೂಗು ಎಲ್ಲೋ ದೂರದಿಂದ ಬಂತು. ಅಷ್ಟು ವಯಸ್ಸಾದವನು ಹುಡುಗನ ಹಾಗೆ ಓಡಿದ್ದ. ಬಂದೂಕಿನವರು ಬಾಯಿ ತೆರೆದು ನಿಂತಿದ್ದರು. ಆಮೇಲೆ ನಾಕಾದವರೆಲ್ಲರೂ ಹಿಂದೆ ನಡೆದರು, ಕಸ ಗುಡಿಸುವವನು ಕೂಡ.

ಮಳೆ ಬಿದ್ದ ಎರೆಹೊಲ. ಬಿದ್ದ ಹಣ್ಣು ಉರುಳದೆ ಅಲ್ಲೇ ಹೂತು ನಿಲ್ಲುತ್ತಿತ್ತು. ಅಂದರೆ ದೂರವೆಲ್ಲ ತೋಳಿನದೇ. ಒಂದಾದ ಮೇಲೆ ಒಂದು ಏಟು. ಅವರು ನಾಕಾದಿಂದ ದೂರ ದೂರ ಹೋದರು. ಹಳ್ಳದಿಂದ ನನ್ನ ಗಂಡ ಮತ್ತು ಇಬ್ಬರು ಹುಡುಗರು ತೆವಳುತ್ತ ಬಂದು ಚಪ್ಪರ ಹೊಕ್ಕರು. ನಾನು ಹುತ್ತಕ್ಕೆ ಹಾಲು ಎರೆದೆನೋ ಮೈಮೇಲೆ ಎರೆದುಕೊಂಡೆನೋ ನೆನಪಿಲ್ಲ.

ಹೊಗೆ ಏಳಲಿಲ್ಲ. ಹುಲ್ಲು ಮಳೆಗೆ ತೊಯ್ದು ಕುಳಿತಿತ್ತು. ಇದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಬೆಂಕಿ ಹಚ್ಚಲು ಹೊರಟವರಲ್ಲಿ ರೈತರ ಮಕ್ಕಳಾದ ಇಬ್ಬರಿಗೂ ಶ್ರಾವಣದ ಹುಲ್ಲು ಹತ್ತುವುದಿಲ್ಲವೆಂಬುದು ನೆನಪಾಗಲಿಲ್ಲ.

ಅತ್ತ ಆತನ ಏಟು ಗಿಡ್ಡ ಆಗತೊಡಗಿದವು. ಒಂದು ಏಟಿನ ನಂತರ ಬಲಗೈ ಕೆಳಗೆ ಬಂದದ್ದು ಅಲ್ಲೇ ಜೋತುಬಿತ್ತು. ಆತ ಮುಂದಕ್ಕೆ ಬಗ್ಗಿ ನಿಂತ. ಇಷ್ಟು ದೂರದಿಂದಲೂ ನನಗೆ ತಿಳಿಯಿತು, ಅದು ಮುಗಿಯಿತೆಂದು. ಬಂದೂಕಿನವರಿಗೂ ತಿಳಿಯಿತು. ಬೇಸರದಿಂದ ಕೈ ಝಾಡಿಸಿ, ಉಂಡಿ ಬುಟ್ಟಿ ಎತ್ತಿಕೊಂಡು ನಾಕಾದ ಕಡೆ ತಿರುಗಿದರು. ನನ್ನ ಗಂಡ ಒಳಗೇ ಇದ್ದ.

ಆಗ ಆತ ಹಣ್ಣನ್ನು ಎಡಗೈಗೆ ತೆಗೆದುಕೊಂಡ.

ಎಡಗೈಯಿಂದ ಒಗೆದ. ಹಣ್ಣು ಹಿಂದಕ್ಕೆ ಹೋಗಿ ಸೆಗಣಿಯಲ್ಲಿ ಬಿತ್ತು. ಆತನೂ ತಿರುಗಿ ಬಿದ್ದ. ಪಟಗ ಬಿಚ್ಚಿ ಕೆಸರಿಗೆ ಹೋಯಿತು. ಬಂದೂಕಿನವರು ನಿಂತರು, ತಿರುಗಿ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆತ ಎದ್ದು ಸೆಗಣಿಯಲ್ಲಿ ನಿಂತು ಮತ್ತೆ ಒಗೆದ. ಹೆಂಗಸು ಕೋಳಿಗೆ ಕಾಳು ಹಾಕಿದ ಹಾಗೆ. ಮತ್ತೆ ನಗು. ಒಬ್ಬ ಆತನ ನಡಿಗೆಯ ಅಣಕ ಮಾಡಿದ. ಮತ್ತೊಬ್ಬ ಪಟಗ ಎತ್ತಿ ತನ್ನ ತಲೆಗೆ ಸುತ್ತಿಕೊಂಡ. ಆತ ಬಿದ್ದ, ಎದ್ದ, ಒಗೆದ. ಅವರು ಉಂಡಿ ತಿನ್ನುತ್ತ, ನಗುತ್ತ, ಮತ್ತೆ ಹಿಂದೆ ಹೋದರು. ಪೇಟೆಯಲ್ಲಿ ನಾಲ್ಕು ಮಂದಿ ನಕ್ಕರೆಂದು ದಾರಿ ಬದಲಿಸುತ್ತಿದ್ದ ಮನುಷ್ಯ ಆತ.

ನಗದವನು ಇಮಾಮಸಾಬ ಒಬ್ಬನೇ. ಒಂದು ಹಣ್ಣಿನ ಹತ್ತಿರ ಕೋಲು ಊರಿ ನಿಂತವನು ಹಿಂದೆ ನಾಕಾದ ಕಡೆ ನೋಡಿದ. ಚಪ್ಪರದ ಮೂಲೆಯಲ್ಲಿ ತೆಳ್ಳಗೆ ಹೊಗೆ ಎದ್ದಿತ್ತು. ಮುದುಕ ನೋಡಿದ್ದು ಖರೆ, ನಾನು ಕಂಡಿದ್ದೇನೆ. ಹೊಗೆ ನೋಡಿದ, ಒಗೆಯುವವನ ಮುಖ ನೋಡಿದ. ಆಮೇಲೆ ನಾಕಾಕ್ಕೆ ಬೆನ್ನು ತಿರುಗಿಸಿ ಗಂಟಲು ಹರಿಯುವ ಹಾಗೆ ಕೂಗಿದ:

"ಇಲ್ಲೈತಿ! ಒಗಿಲೇ ತಮ್ಮಾ, ಇಲ್ಲೈತಿ!"

ಚಪ್ಪರ ಧಗ್ಗೆಂದು ಹತ್ತಿಕೊಂಡಾಗ ಬಂದೂಕಿನವರು ಓಡಿ ಬಂದರು, ಗುಂಡು ಹಾರಿಸಿದರು. ಹುಡುಗರು ಹಳ್ಳ ದಾಟಿ ಆಗಿತ್ತು. ನನ್ನ ಗಂಡನ ಹುಬ್ಬು ಸುಟ್ಟಿತ್ತು, ಅಷ್ಟೇ. ಹೊಲದಲ್ಲಿ ಉಳಿದವರು ಆತ, ಇಮಾಮಸಾಬ ಇಬ್ಬರೇ. ಆತ ಓಡಲಿಲ್ಲ, ಹಣ್ಣಿನ ಹತ್ತಿರ ಹೋಗಿ ನಿಂತ. "ನೀ ಹೋಗು. ಹಣ್ಣು ನಾ ಕಾಯ್ತೀನಿ" ಎಂದನಂತೆ ಇಮಾಮಸಾಬ. ಆತ ಹಳ್ಳ ದಾಟಿ ಬಂದ ಮೇಲೂ ಮುದುಕ ಕೋಲು ಊರಿಕೊಂಡು ನಿಂತೇ ಇದ್ದನಂತೆ. ಅವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೊದಲಿನಿಂದಲೂ ಆಟದ ಹುಚ್ಚಿನವನೆಂದು ಬೈದು ಬಿಟ್ಟರು.

ಮುಂದಿನ ತಿಂಗಳೇ ಸರಕಾರದ ಫೌಜು ಬಂತು, ನಿಜಾಮನ ಗಡಿಯೂ ಹೋಯಿತು. ಆತನ ತೋಳು ಮತ್ತೆ ಮೇಲೇಳಲಿಲ್ಲ. ಗದಗಿನ ಹತ್ತಿ ವಖಾರಿಯೊಂದರ ಗೇಟಿನಲ್ಲಿ ಕಾವಲು ಕುಳಿತ. ಕುಳಿತ ಅಂದರೆ ಕುಳಿತನೆಂದಲ್ಲ. ಗೇಟಿನ ಈ ಕಡೆಯಿಂದ ಆ ಕಡೆ ನಡೆಯುತ್ತಲೇ ಇರುತ್ತಿದ್ದ. ಕರ್ನಾಟಕ ಒಂದಾದ ದಿನ ಪೇಟೆಯಲ್ಲಿ ಮತ್ತೆ ಪೇಢೆ ಹಂಚಿದರು. ಇಮಾಮಸಾಬ ಮುಂಡರಗಿಯಿಂದ ಬಂದಿದ್ದ. ಇಬ್ಬರೂ ಗೇಟಿನ ಹತ್ತಿರ ಬೀಡಿ ಸೇದುತ್ತ ನಿಂತಿದ್ದರು. "ಇನ್ನ ಎತ್ತಾಗ ಜಿಗದ್ರೂ ಒಂದ ನೆಲ ಕಾಕಾ" ಎಂದ ಈತ. "ಜಿಗಿಯಾಕ ಕಾಲೆಲ್ಲಿ ಅದಾವಲೇ?" ಎಂದ ಮುದುಕ. ನನ್ನ ಗಂಡನಿಗೆ ಹೋರಾಟಗಾರರ ಪಿಂಚಣಿ ಬಂತು. ಈತ ಕೇಳಲಿಲ್ಲ, ಅವರು ಕೊಡಲಿಲ್ಲ. ಸತ್ತಾಗ ತಾಯಿಯ ತವರಿನಿಂದ ಮಗಳು ಬಂದು ಮಣ್ಣು ಮಾಡಿ ಹೋದಳು, ಅಳಲಿಲ್ಲ. ಆಕೆಗೆ ಅಳುವಂಥದ್ದೇನೂ ಆತ ಕೊಟ್ಟಿರಲಿಲ್ಲ.

ನನಗೆ ಕಣ್ಣೆದುರು ಬರುವುದು ಆ ಪಂಚಮಿಯ ಮರುದಿನದ ಮುಂಜಾನೆ. ಶಿಬಿರದ ಹುಡುಗರೆಲ್ಲ ಸಾಲಾಗಿ ಉಣ್ಣಲು ಕುಳಿತಿದ್ದರು. ಆತ ಬಲಗೈಯನ್ನು ಹರಿದ ಧೋತರದಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಬಂದು ಸಾಲಿನ ತುದಿಯಲ್ಲಿ ಕುಳಿತ. ತಾಟು ಮುಟ್ಟಲಿಲ್ಲ. ಎಡಗೈಯಿಂದ ಉಣ್ಣುವುದು ಮೈಲಿಗೆಯೆಂದು ಪಕ್ಕದವನು ಆಗಲೇ ಗೊಣಗುತ್ತ ಸರಿದು ಕುಳಿತಿದ್ದ.

ನಾನು ಒಲೆ ಬಿಟ್ಟು ಎದ್ದುಹೋದೆ. ಆತನ ತಾಟನ್ನು ಎಡಗಡೆಗೆ ಸರಿಸಿದೆ, ನೀರಿನ ತಂಬಿಗೆಯನ್ನೂ ಎಡಗಡೆಗೆ ಇಟ್ಟೆ. "ಯಾರಿಗರೆ ಮೈಲಿಗಿ ಆದ್ರ ಎದ್ದು ಹೋಗ್ರಿ, ರೊಟ್ಟಿ ಉಳಿದಾವು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಯಾರೂ ಏಳಲಿಲ್ಲ. ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ತಂದು ಆತನ ಮುಂದೆ ನೆಲಕ್ಕಿಟ್ಟು, ಮುಷ್ಟಿ ಬಿಗಿದು ಗುದ್ದಿದೆ. ಒಡೆಯಲಿಲ್ಲ. ಮತ್ತೊಮ್ಮೆ ಗುದ್ದಿದೆ.